ವಸ್ತುಗಳ ಕೂಟ ಮತ್ತು ಅಗಲಿಕೆ

ರಸಾಯನಶಾಸ್ತ್ರದ ಪುಸ್ತಕವನ್ನು ತೆರೆದ ವಿದ್ಯಾರ್ಥಿಗೆ ಮೊದಲು ಎದುರಾಗುವ ತೊಡಕುಗಳಲ್ಲಿ ರಾಸಾಯನಿಕ ಕ್ರಿಯೆಗಳ ವರ್ಗೀಕರಣವೂ ಒಂದು. ಸಂಯೋಗ, ವಿಯೋಗ, ಸ್ಥಾನಪಲ್ಲಟ, ಉತ್ಕರ್ಷಣ, ಅಪಕರ್ಷಣ, ದ್ವಿವಿಭಜನೆ ಎಂಬ ಹೆಸರುಗಳನ್ನು ಅವನು ಉರುಹೊಡೆಯುತ್ತಾನೆ, ಪರೀಕ್ಷೆಯ ದಿನ ಒಪ್ಪಿಸುತ್ತಾನೆ, ಮರುವಾರ ಮರೆಯುತ್ತಾನೆ. ಇದರಲ್ಲಿ ಅವನ ತಪ್ಪೇನೂ ಇಲ್ಲ. ಹೆಸರನ್ನು ಮಾತ್ರ ಕಲಿತು ಆ ಹೆಸರಿನ ಹಿಂದಿರುವ ವಸ್ತುವನ್ನು ಕಾಣದವನಿಗೆ ಹೀಗಾಗುವುದು ಸಹಜ.

ಆದರೆ ನಾವು ನೆಲಸಿರುವ ಈ ಗುಜರಾತಿನಲ್ಲಿ ಆ ವಸ್ತುಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸೂರತ್ತಿನ ವಜ್ರ ಮತ್ತು ಜರಿ, ವಡೋದರದ ಗೊಬ್ಬರ ಮತ್ತು ಎಣ್ಣೆ, ಅಹಮದಾಬಾದಿನ ಬಣ್ಣದ ಬಟ್ಟೆ, ಇವೆಲ್ಲವೂ ನಮ್ಮ ಪಾಠದ ಉದಾಹರಣೆಗಳೇ. ಎರಡು ವಸ್ತುಗಳು ಸಂಧಿಸಿದಾಗ ಏನು ನಡೆಯುವುದೆಂದು ಮುಂಚಿತವಾಗಿ ಊಹಿಸುವ ಶಕ್ತಿಯೇ ಈ ವರ್ಗೀಕರಣದಿಂದ ನಮಗೆ ದೊರೆಯುವ ಫಲ. ಆ ಶಕ್ತಿ ಅಂಕಗಳಿಗಾಗಿ ಮಾತ್ರ ಬೇಕಾದುದಲ್ಲ; ಪ್ರಾಣರಕ್ಷಣೆಗೂ ಬೇಕಾದುದು. ಈ ಮಾತಿನ ಅರ್ಥವು ಲೇಖನದ ಕೊನೆಯ ಹೊತ್ತಿಗೆ ಸ್ಪಷ್ಟವಾಗುವುದು.

ಬದಲಾವಣೆಯಲ್ಲಿ ಎರಡು ಬಗೆ

ಮೊದಲು ಒಂದು ಭೇದವನ್ನು ಗುರುತಿಸಿಕೊಳ್ಳಬೇಕು. ಗುಜರಾತಿನ ಚಿಕ್ಕ ರಣ್ ಪ್ರದೇಶದಲ್ಲಿ ಅಗರಿಯಾ ಎಂಬ ಜನರು ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ ಅಗಲವಾದ ಪಾತಿಗಳಲ್ಲಿ ನಿಲ್ಲಿಸುತ್ತಾರೆ. ಬಿಸಿಲಿಗೆ ನೀರು ಆವಿಯಾಗುತ್ತದೆ; ಉಪ್ಪು ಹರಳುಗಟ್ಟಿ ಉಳಿಯುತ್ತದೆ. 1930ರ ಏಪ್ರಿಲ್ 6ರಂದು ಗಾಂಧೀಜಿಯವರು ದಂಡಿಯ ಕಡಲ ತಡಿಯಲ್ಲಿ ಕೈಗೆತ್ತಿಕೊಂಡ ಉಪ್ಪು ಕೂಡ ಹೀಗೆಯೇ ಆದದ್ದು. ಆ ಯಾತ್ರೆಯ ತಂಡದಲ್ಲಿ ನಮ್ಮ ಮೈಲಾರ ಮಹದೇವಪ್ಪನವರೂ ನಡೆದಿದ್ದರೆಂಬುದನ್ನು ನೀವು ಇತಿಹಾಸದ ಪಾಠದಲ್ಲಿ ಓದಿರಬಹುದು. ಇಲ್ಲಿ ಹೊಸ ವಸ್ತು ಯಾವುದೂ ಹುಟ್ಟಲಿಲ್ಲ. ನೀರಿನಲ್ಲಿ ಕರಗಿದ್ದ ಉಪ್ಪೇ ಹೊರಗೆ ಬಂತು. ಅದನ್ನು ಮತ್ತೆ ನೀರಿಗೆ ಹಾಕಿದರೆ ಕರಗಿಹೋಗುವುದು. ಇಂತಹುದು ಭೌತಿಕ ಬದಲಾವಣೆ.

ಈಗ ಸೂರತ್ತಿನ ವಜ್ರವನ್ನು ನೋಡೋಣ. ಜಗತ್ತಿನ ವಜ್ರಗಳಲ್ಲಿ ಬಹುಪಾಲು ಈ ನಗರದ ಕೆಲಸಗಾರರ ಕೈಯಲ್ಲಿ ಮುಖ ಕೊರೆಸಿಕೊಂಡು ಹೊಳಪು ಪಡೆಯುತ್ತವೆ. ತಿರುಗುವ ತಟ್ಟೆಯ ಮೇಲೆ ವಜ್ರದ ಪುಡಿಯನ್ನು ಸವರಿ ವಜ್ರವನ್ನು ತೇಯುವುದು ಅವರ ಪದ್ಧತಿ. ಎಷ್ಟು ತೇಯ್ದರೂ ಅದು ವಜ್ರವಾಗಿಯೇ ಉಳಿಯುವುದು. ಆದರೆ 1772ರಲ್ಲಿ ಫ್ರಾನ್ಸಿನ ಲವಾಸಿಯೆ ಎಂಬ ವಿಜ್ಞಾನಿಯು ಗಾಜಿನ ಪಾತ್ರೆಯೊಳಗೆ ವಜ್ರವನ್ನಿಟ್ಟು, ದೊಡ್ಡ ಮಸೂರದಿಂದ ಸೂರ್ಯನ ಬೆಳಕನ್ನು ಅದರ ಮೇಲೆ ಬೀಳಿಸಿದನು. ವಜ್ರವು ಉರಿದು ಮಾಯವಾಯಿತು! ಪಾತ್ರೆಯಲ್ಲಿ ಉಳಿದದ್ದು ಇದ್ದಿಲನ್ನು ಸುಟ್ಟಾಗ ಬರುವಂತಹ ವಾಯು. 1797ರಲ್ಲಿ ಇಂಗ್ಲೆಂಡಿನ ಟೆನಂಟ್ ಎಂಬುವನು ತೂಕ ಮಾಡಿ, ವಜ್ರವೂ ಇದ್ದಿಲೂ ಒಂದೇ ಮೂಲವಸ್ತು, ಅಂದರೆ ಇಂಗಾಲ, ಎಂದು ಸಿದ್ಧಪಡಿಸಿದನು. ತೇಯ್ದಾಗ ಆದದ್ದು ಭೌತಿಕ ಬದಲಾವಣೆ. ಸುಟ್ಟಾಗ ಆದದ್ದು ರಾಸಾಯನಿಕ ಕ್ರಿಯೆ.

ರಾಸಾಯನಿಕ ಕ್ರಿಯೆಯಲ್ಲಿ ಹಳೆಯ ವಸ್ತುವಿನ ಗುಣಗಳು ಹೋಗಿ ಹೊಸ ಗುಣಗಳುಳ್ಳ ವಸ್ತು ಹುಟ್ಟುವುದು. ಆದರೆ ಪರಮಾಣುಗಳು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಜೊತೆ ಬಿಟ್ಟು ಬೇರೆ ಜೊತೆ ಕಟ್ಟಿಕೊಳ್ಳುವುದಷ್ಟೇ ಅವುಗಳ ಕೆಲಸ. 12 ಗ್ರಾಂ ಇಂಗಾಲವು 32 ಗ್ರಾಂ ಆಮ್ಲಜನಕದೊಡನೆ ಕೂಡಿದರೆ 44 ಗ್ರಾಂ ಇಂಗಾಲದ ಡೈಆಕ್ಸೈಡೇ ಆಗುವುದು. ಒಂದು ಗ್ರಾಂ ಹೆಚ್ಚಲ್ಲ, ಒಂದು ಗ್ರಾಂ ಕಡಿಮೆಯಲ್ಲ. ಹೀಗೆ ಪರಮಾಣುಗಳು ಕೂಡುವ ಮತ್ತು ಅಗಲುವ ರೀತಿಗಳನ್ನು ಅನುಸರಿಸಿ ಕ್ರಿಯೆಗಳನ್ನು ವಿಂಗಡಿಸಿದ್ದಾರೆ. ಒಂದೊಂದನ್ನಾಗಿ ನೋಡೋಣ.

1. ಸಂಯೋಗ

ಎರಡು ಅಥವಾ ಹೆಚ್ಚು ವಸ್ತುಗಳು ಸೇರಿ ಒಂದೇ ವಸ್ತುವಾಗುವುದು ಸಂಯೋಗ ಕ್ರಿಯೆ. ವಜ್ರವು ಉರಿದದ್ದು ಇದಕ್ಕೆ ಒಂದು ನಿದರ್ಶನ.

ಇಂಗಾಲ + ಆಮ್ಲಜನಕ → ಇಂಗಾಲದ ಡೈಆಕ್ಸೈಡು

ಮನೆಗೆ ಸುಣ್ಣ ಬಳಿಯುವುದನ್ನು ಕಂಡವರಿಗೆ ಇನ್ನೊಂದು ನಿದರ್ಶನ ಗೊತ್ತು. ಸುಟ್ಟ ಸುಣ್ಣದ ಗಟ್ಟಿಯ ಮೇಲೆ ನೀರು ಹೊಯ್ದರೆ ಅದು ಸುಯ್ಯೆಂದು ಸದ್ದುಮಾಡುತ್ತ ಬಿರಿದು ಅರಳುತ್ತದೆ. ಹತ್ತಿರ ಕೈ ಹಿಡಿದರೆ ಶಾಖ ತಗಲುತ್ತದೆ. ಸುಟ್ಟ ಸುಣ್ಣವೂ ನೀರೂ ಕೂಡಿ ಅರಳಿದ ಸುಣ್ಣವಾಗುವ ಈ ಸಂಯೋಗದಲ್ಲಿ ಶಾಖ ಹೊರಬೀಳುವುದು. ಸಂಯೋಗ ಕ್ರಿಯೆಗಳಲ್ಲಿ ಬಹುಮಟ್ಟಿಗೆ ಹೀಗೆಯೇ ಎಂಬುದನ್ನು ನೆನಪಿನಲ್ಲಿಡಿರಿ.

ಕೆಲವು ವಸ್ತುಗಳು ಸುಲಭವಾಗಿ ಕೂಡಲು ಒಪ್ಪುವುದಿಲ್ಲ. ಗಾಳಿಯ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಸಾರಜನಕವೇ ಇದ್ದರೂ ಬೆಳೆಗಳು ಅದನ್ನು ನೇರವಾಗಿ ಉಣ್ಣಲಾರವು. ಅದನ್ನು ಜಲಜನಕದೊಡನೆ ಕೂಡಿಸಿ ಅಮೋನಿಯಾ ಮಾಡುವ ಉಪಾಯವನ್ನು ಜರ್ಮನಿಯ ಹಾಬರನು ಕಂಡುಹಿಡಿದನು. 1913ರಲ್ಲಿ ಬಾಷನು ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದನು. ಹೆಚ್ಚಿನ ಒತ್ತಡ ಬೇಕು, ನಾನೂರು ಐನೂರು ಡಿಗ್ರಿಗಳ ಶಾಖ ಬೇಕು, ಮತ್ತು ಕ್ರಿಯೆಯನ್ನು ಚುರುಕುಗೊಳಿಸಿ ತಾನು ಮಾತ್ರ ಕೊನೆಯಲ್ಲಿ ಹಾಗೆಯೇ ಉಳಿಯುವ ಕಬ್ಬಿಣದ ಕ್ರಿಯಾವರ್ಧಕ ಬೇಕು.

ಸಾರಜನಕ + ಜಲಜನಕ → ಅಮೋನಿಯಾ

ಮದುವೆಗೆ ಹುಡುಗ ಹುಡುಗಿಯಿದ್ದರೆ ಸಾಲದು, ನಡುವೆ ನಿಂತು ಮಾತುಕತೆ ನಡೆಸುವ ಹಿರಿಯರೂ ಬೇಕು. ಕ್ರಿಯಾವರ್ಧಕದ ಪಾತ್ರವೂ ಅಂತಹುದೇ. 1962ರಲ್ಲಿ ಸ್ಥಾಪಿತವಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿದ ವಡೋದರದ ಗುಜರಾತ್ ರಾಜ್ಯ ಗೊಬ್ಬರ ಕಾರ್ಖಾನೆಯ ಅಮೋನಿಯಾ ಇದೇ ಸಂಯೋಗದ ಫಲ.

2. ವಿಯೋಗ

ಒಂದೇ ವಸ್ತುವು ಒಡೆದು ಎರಡು ಅಥವಾ ಹೆಚ್ಚು ವಸ್ತುಗಳಾಗುವುದು ವಿಯೋಗ. ಇದು ಸಂಯೋಗಕ್ಕೆ ಎದುರಾದುದು. ಕೂಡುವಾಗ ಶಾಖ ಹೊರಬೀಳುವುದಾದರೆ ಅಗಲಿಸುವುದಕ್ಕೆ ಸಾಮಾನ್ಯವಾಗಿ ಹೊರಗಿನಿಂದ ಶಕ್ತಿಯನ್ನು ಕೊಡಬೇಕು. ಆ ಶಕ್ತಿ ಶಾಖವಾಗಬಹುದು, ವಿದ್ಯುತ್ತಾಗಬಹುದು, ಬೆಳಕಾಗಬಹುದು.

ಸುಣ್ಣದ ಗೂಡಿನಲ್ಲಿ ನಡೆಯುವುದು ಶಾಖದ ವಿಯೋಗ. ಸುಮಾರು 900 ಡಿಗ್ರಿ ಉಷ್ಣತೆಯಲ್ಲಿ ಸುಣ್ಣಕಲ್ಲು ಒಡೆದು ಸುಟ್ಟ ಸುಣ್ಣವೂ ಇಂಗಾಲದ ಡೈಆಕ್ಸೈಡೂ ಆಗುವುವು. ಅದೇ ಸುಟ್ಟ ಸುಣ್ಣ ನೀರಿನಲ್ಲಿ ಅರಳಿ, ಗೋಡೆಯನ್ನೇರಿ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಮತ್ತೆ ಗಟ್ಟಿಯಾದ ಸುಣ್ಣಕಲ್ಲಿನ ಪದರವೇ ಆಗುವುದು. ಗೂಡಿನಲ್ಲಿ ಅಗಲಿದವರು ಗೋಡೆಯ ಮೇಲೆ ಮತ್ತೆ ಕೂಡಿದರು! ಪ್ರಕೃತಿಯ ಲೆಕ್ಕದಲ್ಲಿ ಯಾವುದೂ ಕಳೆದುಹೋಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ವಿದ್ಯುತ್ತಿನ ವಿಯೋಗವನ್ನು ವಡೋದರದಲ್ಲಿ ಕಾಣಬಹುದು. 1973ರಲ್ಲಿ ಸ್ಥಾಪಿತವಾದ ಗುಜರಾತ್ ಆಲ್ಕಲೀಸ್ ಸಂಸ್ಥೆಯು ಉಪ್ಪುನೀರಿನೊಳಗೆ ವಿದ್ಯುತ್ತನ್ನು ಹರಿಸಿ ಕಾಸ್ಟಿಕ್ ಸೋಡಾ, ಕ್ಲೋರಿನ್ ಮತ್ತು ಜಲಜನಕಗಳನ್ನು ಪಡೆಯುತ್ತದೆ. ರಣ್ ಪ್ರದೇಶದ ಬಿಸಿಲು ಉಪ್ಪನ್ನು ನೀರಿನಿಂದ ಬೇರೆ ಮಾಡಿತೇ ಹೊರತು ಅದನ್ನು ಒಡೆಯಲಿಲ್ಲ. ವಿದ್ಯುತ್ತು ಉಪ್ಪನ್ನೇ ಒಡೆಯಿತು. ಭೌತಿಕ ಬದಲಾವಣೆಗೂ ರಾಸಾಯನಿಕ ಕ್ರಿಯೆಗೂ ಇರುವ ಅಂತರವು ಇಲ್ಲಿ ಮತ್ತೊಮ್ಮೆ ಮನದಟ್ಟಾಗುವುದು. ವಡೋದರದ ಬಳಿಯ ಕೊಯಲಿಯಲ್ಲಿ 1965ರಲ್ಲಿ ಕೆಲಸ ಮೊದಲುಮಾಡಿದ ತೈಲ ಶುದ್ಧೀಕರಣಾಗಾರದಲ್ಲಿಯೂ ಇಂತಹುದೇ ಭೇದವುಂಟು. ಕಚ್ಚಾ ಎಣ್ಣೆಯನ್ನು ಕಾಯಿಸಿ, ಕುದಿಯುವ ಉಷ್ಣತೆಯನ್ನನುಸರಿಸಿ ಪೆಟ್ರೋಲು, ಸೀಮೆಎಣ್ಣೆ, ಡೀಸೆಲುಗಳನ್ನು ಬೇರ್ಪಡಿಸುವುದು ಭೌತಿಕ ಬದಲಾವಣೆ. ಭಾರವಾದ ಎಣ್ಣೆಯ ದೊಡ್ಡ ಅಣುಗಳನ್ನು ಶಾಖದಿಂದ ಒಡೆದು ಚಿಕ್ಕ ಅಣುಗಳನ್ನಾಗಿ ಮಾಡುವುದು ವಿಯೋಗ.

ಸಂಯೋಗವೂ ವಿಯೋಗವೂ ಒಂದರ ಹಿಂದೊಂದು ಬರುವುದೂ ಉಂಟು. ಸೂರತ್ತಿನ ಬಳಿಯ ಹಜೀರಾದಲ್ಲಿ ಯೂರಿಯಾ ಗೊಬ್ಬರವನ್ನು ತಯಾರಿಸುವಾಗ ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡು ಮೊದಲು ಕೂಡಿ ಕಾರ್ಬಮೇಟು ಎಂಬ ಒಂದೇ ವಸ್ತುವಾಗುವುವು. ಅನಂತರ ಅದು ಒಡೆದು ಯೂರಿಯಾ ಮತ್ತು ನೀರು ಆಗುವುದು. ರೈತನು ಹೊಲಕ್ಕೆ ಎರಚುವ ಬಿಳಿಯ ಕಾಳಿನ ಹಿಂದೆ ಒಂದು ಕೂಟವೂ ಒಂದು ಅಗಲಿಕೆಯೂ ಅಡಗಿವೆ.

3. ಸ್ಥಾನಪಲ್ಲಟ

ಒಂದು ಮೂಲವಸ್ತುವು ಸಂಯುಕ್ತವಸ್ತುವಿನೊಳಕ್ಕೆ ಪ್ರವೇಶಿಸಿ, ಅಲ್ಲಿದ್ದ ಇನ್ನೊಂದನ್ನು ಹೊರಕ್ಕೆ ತಳ್ಳಿ, ಅದರ ಸ್ಥಾನದಲ್ಲಿ ತಾನು ಕುಳಿತುಕೊಳ್ಳುವುದು ಸ್ಥಾನಪಲ್ಲಟ. ಇದನ್ನು ನಿಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಗುರುಗಳ ಸಮ್ಮುಖದಲ್ಲಿ ಮಾಡಿನೋಡಬಹುದು. ಒಂದು ಪ್ರನಾಳದಲ್ಲಿ ಮೈಲುತುತ್ತದ ನೀಲಿ ದ್ರಾವಣವನ್ನು ತೆಗೆದುಕೊಂಡು, ಉಜ್ಜಿ ಶುಭ್ರಗೊಳಿಸಿದ ಕಬ್ಬಿಣದ ಮೊಳೆಯೊಂದನ್ನು ಅದರಲ್ಲಿ ಮುಳುಗಿಸಿರಿ. ಅರ್ಧ ಗಂಟೆಯ ಬಳಿಕ ಮೊಳೆಯ ಮೇಲೆ ಕೆಂಗಂದು ಲೇಪ ಕಾಣುವುದು. ದ್ರಾವಣದ ನೀಲಿ ತೆಳುವಾಗಿ ಹಸಿರಿನತ್ತ ತಿರುಗುವುದು. ಕಬ್ಬಿಣವು ತಾಮ್ರವನ್ನು ಹೊರಕ್ಕೆ ಹಾಕಿತು.

ಕಬ್ಬಿಣ + ತಾಮ್ರದ ಸಲ್ಫೇಟು → ಕಬ್ಬಿಣದ ಸಲ್ಫೇಟು + ತಾಮ್ರ

ತಾಮ್ರದ ತಂತಿಯನ್ನು ಕಬ್ಬಿಣದ ಸಲ್ಫೇಟಿನಲ್ಲಿ ಎಷ್ಟು ದಿನ ಮುಳುಗಿಸಿಟ್ಟರೂ ಏನೂ ಆಗದು. ಏಕೆ? ಲೋಹಗಳಲ್ಲಿ ಬಲಾಬಲದ ಒಂದು ಶ್ರೇಣಿಯಿದೆ. ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯುಮಿನಿಯಂ, ಸತು, ಕಬ್ಬಿಣ, ಸೀಸ, ತಾಮ್ರ, ಬೆಳ್ಳಿ, ಚಿನ್ನ ಎಂಬುದು ಆ ಶ್ರೇಣಿ. ಮೇಲಿನದು ಕೆಳಗಿನದನ್ನು ತಳ್ಳಬಲ್ಲುದು. ಕೆಳಗಿನದು ಮೇಲಿನದನ್ನು ತಳ್ಳಲಾರದು. ಚಿನ್ನವು ಎಲ್ಲಕ್ಕಿಂತ ಕೆಳಗಿದೆಯೆಂದು ಅದನ್ನು ಕೀಳೆಂದು ತಿಳಿಯಬಾರದು. ಯಾರೊಡನೆಯೂ ಸುಲಭವಾಗಿ ಬೆರೆಯದಿರುವುದರಿಂದಲೇ ಅಜ್ಜಿಯ ಚಿನ್ನದ ಸರ ಮೊಮ್ಮಗಳ ಕೊರಳಿನಲ್ಲಿಯೂ ಹೊಳೆಯುವುದು.

ಸೂರತ್ತಿನ ಜರಿಯ ಮರ್ಮವೂ ಇಲ್ಲಿಯೇ ಇದೆ. ಮೈಸೂರು ರೇಷ್ಮೆ ಸೀರೆಯ ಅಂಚಿನಲ್ಲಿ ಮಿನುಗುವ ಜರಿಯೂ ಸೂರತ್ತಿನಿಂದ ಬಂದದ್ದೆಂಬುದು ನಮಗೆ ಸಂತೋಷದ ಸಂಗತಿ. ಉತ್ತಮ ಜರಿಯಲ್ಲಿ ಬೆಳ್ಳಿಯ ಎಳೆಯ ಮೇಲೆ ಚಿನ್ನದ ಲೇಪವಿರುತ್ತದೆ. ಕಡಿಮೆ ಬೆಲೆಯದರಲ್ಲಿ ತಾಮ್ರದ ಎಳೆಯ ಮೇಲೆ ಬೆಳ್ಳಿಯ ಲೇಪವಿರುತ್ತದೆ. ಶ್ರೇಣಿಯಲ್ಲಿ ಮೇಲಿರುವ, ಆದುದರಿಂದ ಬೇಗ ಕೆಡುವ ಲೋಹವನ್ನು ಒಳಗಿಟ್ಟು, ಕೆಳಗಿರುವ, ಆದುದರಿಂದ ಕೆಡದೆ ಉಳಿಯುವ ಲೋಹವನ್ನು ಹೊರಗೆ ಹೊದಿಸುವ ಜಾಣ್ಮೆ ಇದು. ಕಾರ್ಖಾನೆಯಲ್ಲಿ ಈ ಲೇಪಕ್ಕೆ ವಿದ್ಯುತ್ತಿನ ಸಹಾಯ ಪಡೆಯುತ್ತಾರೆ. ಆದರೆ ತಾಮ್ರದ ತಂತಿಯನ್ನು ಬೆಳ್ಳಿಯ ನೈಟ್ರೇಟಿನ ದ್ರಾವಣದಲ್ಲಿ ಸುಮ್ಮನೆ ತೂಗುಬಿಟ್ಟರೂ ಸಾಕು, ತಂತಿಯ ಸುತ್ತ ಬೆಳ್ಳಿಯ ಹರಳುಗಳು ಹಿಮದ ಗರಿಗಳಂತೆ ಬೆಳೆಯುವುದನ್ನು ಕಾಣಬಹುದು.

4. ಉತ್ಕರ್ಷಣ ಮತ್ತು ಅಪಕರ್ಷಣ

ಒಂದು ವಸ್ತುವು ಆಮ್ಲಜನಕವನ್ನು ಪಡೆಯುವುದು, ಅಥವಾ ಜಲಜನಕವನ್ನು ಕಳೆದುಕೊಳ್ಳುವುದು ಉತ್ಕರ್ಷಣ. ಇದಕ್ಕೆ ವಿರುದ್ಧವಾದುದು ಅಪಕರ್ಷಣ. ಮೇಲಿನ ತರಗತಿಗಳಲ್ಲಿ ಇದನ್ನೇ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವುದು ಮತ್ತು ಪಡೆಯುವುದು ಎಂದು ಕಲಿಯುವಿರಿ. ಇವೆರಡೂ ಜೊತೆಜೊತೆಯಾಗಿಯೇ ನಡೆಯುವುವು. ಒಬ್ಬನು ಕೊಡದೆ ಇನ್ನೊಬ್ಬನು ಪಡೆಯುವುದು ಹೇಗೆ? ಇದು ಹಿಂದಿನ ಮೂರು ವರ್ಗಗಳಿಂದ ಪೂರ್ಣವಾಗಿ ಬೇರೆಯಾದ ವರ್ಗವಲ್ಲವೆಂಬುದನ್ನೂ ತಿಳಿದಿರಬೇಕು. ಇಂಗಾಲವು ಉರಿದದ್ದು ಸಂಯೋಗವೂ ಹೌದು, ಉತ್ಕರ್ಷಣವೂ ಹೌದು. ಒಬ್ಬನೇ ವ್ಯಕ್ತಿ ಮನೆಯಲ್ಲಿ ತಂದೆ, ಶಾಲೆಯಲ್ಲಿ ಗುರು ಆಗಿರುವಂತೆ.

ಅಹಮದಾಬಾದಿನ ಹೊರವಲಯದಲ್ಲಿ ಸರ್ಖೇಜ್ ಎಂಬ ಸ್ಥಳವಿದೆ. 17ನೆಯ ಶತಮಾನದಲ್ಲಿ ಇಲ್ಲಿಯ ನೀಲಿಬಣ್ಣವನ್ನು ಕೊಳ್ಳಲು ಇಂಗ್ಲಿಷ್ ಮತ್ತು ಡಚ್ ವರ್ತಕರು ಪೈಪೋಟಿ ನಡೆಸುತ್ತಿದ್ದರು. ನೀಲಿ ಗಿಡದ ಸೊಪ್ಪನ್ನು ತೊಟ್ಟಿಯ ನೀರಿನಲ್ಲಿ ಕೊಳೆಹಾಕಿದರೆ ನೀರು ಹಳದಿಹಸಿರಾಗುತ್ತದೆಯೇ ಹೊರತು ನೀಲಿಯಾಗುವುದಿಲ್ಲ. ಕೆಲಸಗಾರರು ಆ ನೀರನ್ನು ಹುಟ್ಟುಗಳಿಂದ ಗಂಟೆಗಟ್ಟಲೆ ಬಡಿದಾಗ ಗಾಳಿಯ ಆಮ್ಲಜನಕ ಬೆರೆತು, ನೀಲಿ ಹುಟ್ಟಿ, ಗಸಿಯಾಗಿ ತಳಕ್ಕೆ ಇಳಿಯುತ್ತದೆ. ಇದು ಉತ್ಕರ್ಷಣ.

ಆದರೆ ಈ ನೀಲಿ ನೀರಿನಲ್ಲಿ ಕರಗದು. ಕರಗದ ಬಣ್ಣವು ನೂಲಿನೊಳಕ್ಕೆ ಇಳಿಯುವುದು ಹೇಗೆ? ಅದಕ್ಕಾಗಿ ಬಣ್ಣಗಾರನು ಕ್ರಿಯೆಯನ್ನು ಹಿಂದುಮುಂದು ಮಾಡುತ್ತಾನೆ. ಕ್ಷಾರದ ತೊಟ್ಟಿಯಲ್ಲಿ ನೀಲಿಯನ್ನು ಅಪಕರ್ಷಣಕ್ಕೆ ಒಳಪಡಿಸಿದರೆ ಅದು ಬಣ್ಣಗೆಟ್ಟು ಕರಗುತ್ತದೆ. ಹಿಂದೆ ಬೆಲ್ಲ ಮುಂತಾದವುಗಳನ್ನು ಹುಳಿಸಿ ಈ ಕಾರ್ಯವನ್ನು ಸಾಧಿಸುತ್ತಿದ್ದರು. ಈಗ ಸೋಡಿಯಂ ಹೈಡ್ರೊಸಲ್ಫೈಟನ್ನು ಉಪಯೋಗಿಸುತ್ತಾರೆ. ನೂಲನ್ನು ಅದರಲ್ಲಿ ಅದ್ದಿ ಮೇಲಕ್ಕೆತ್ತಿದಾಗ ಅದು ಹಸಿರುಹಳದಿ. ಗಾಳಿ ಸೋಕಿದಂತೆ ಕಣ್ಣೆದುರಿಗೇ ಹಸಿರಾಗಿ, ನೀಲಿಯಾಗಿ, ಎಳೆಯೊಳಗೆ ಸಿಕ್ಕಿಕೊಂಡು ಗಟ್ಟಿಯಾಗುತ್ತದೆ. ಅಹಮದಾಬಾದಿನ ಗಿರಣಿಗಳಲ್ಲಿ ಇಂದು ಡೆನಿಮ್ ಬಟ್ಟೆಯ ನೂಲನ್ನು ಹಲವು ಬಾರಿ ಅದ್ದಿ ಹಲವು ಬಾರಿ ಗಾಳಿಗೆ ಒಡ್ಡುವುದು ಇದೇ ಕಾರಣಕ್ಕೆ. ನೀವು ತೊಡುವ ನೀಲಿ ಶರಾಯಿಯಲ್ಲಿ ಅಪಕರ್ಷಣವೂ ಉತ್ಕರ್ಷಣವೂ ಒಂದರ ಹಿಂದೊಂದು ನಡೆದಿವೆ.

5. ದ್ವಿವಿಭಜನೆ

ಎರಡು ಸಂಯುಕ್ತವಸ್ತುಗಳು ಸಂಧಿಸಿ ತಮ್ಮ ತಮ್ಮ ಅಂಗಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುವುದು ದ್ವಿವಿಭಜನೆ. ಎರಡು ದ್ರಾವಣಗಳನ್ನು ಬೆರೆಸಿದ ಮಾತ್ರಕ್ಕೆ ಇದು ನಡೆಯುವುದಿಲ್ಲ. ವಿನಿಮಯದಿಂದ ಹುಟ್ಟಿದ ವಸ್ತುವೊಂದು ದ್ರಾವಣವನ್ನು ಬಿಟ್ಟು ಹೋಗಬೇಕು, ಇಲ್ಲವೆ ನೀರಿನಂತಹ ಸ್ಥಿರವಾದ ವಸ್ತುವಾಗಿ ಕೊನೆಗಾಣಬೇಕು. ಹೀಗೆ ಇದಕ್ಕೆ ಮೂರು ದಾರಿಗಳು.

ಮೊದಲನೆಯ ದಾರಿ, ಕರಗದ ವಸ್ತುವು ಗಸಿಯಾಗಿ ಕೆಳಗಿಳಿಯುವುದು. ಇದನ್ನು ಒತ್ತರ ಎನ್ನುತ್ತಾರೆ. ಅಹಮದಾಬಾದಿನಲ್ಲಿ ದೇವಿಯ ಚಿತ್ರಗಳುಳ್ಳ ‘ಮಾತಾ ನೀ ಪಚೇಡಿ’ ಎಂಬ ಬಟ್ಟೆಯನ್ನು ಬರೆಯುವ ಕುಟುಂಬಗಳಿವೆ. ಅವರು ಬಟ್ಟೆಯನ್ನು ಅಳಲೆಕಾಯಿಯ ರಸದಲ್ಲಿ ಅದ್ದಿ, ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ನೆನೆಹಾಕಿ ಪಡೆದ ದ್ರಾವಣದಿಂದ ಕಪ್ಪು ಗೆರೆಗಳನ್ನು ಎಳೆಯುತ್ತಾರೆ. ಅಳಲೆಯ ಒಗರೂ ಕಬ್ಬಿಣವೂ ಕೂಡಿ ನೀರಿನಲ್ಲಿ ಕರಗದ ಕಪ್ಪು ಒತ್ತರವಾಗಿ ನೂಲಿನಲ್ಲಿಯೇ ನಿಲ್ಲುತ್ತದೆ. ನಮ್ಮ ಹಿರಿಯರು ಅಳಲೆಕಾಯಿ ಮತ್ತು ಅನ್ನಭೇದಿಯಿಂದ ಶಾಯಿ ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದ. ಊರು ಬೇರೆ, ಭಾಷೆ ಬೇರೆ. ಒಗರಿಗೂ ಕಬ್ಬಿಣಕ್ಕೂ ಇರುವ ಸಂಬಂಧ ಮಾತ್ರ ಒಂದೇ.

ಎರಡನೆಯ ದಾರಿ, ನೀರು ಹುಟ್ಟುವುದು. ಆಮ್ಲವೂ ಕ್ಷಾರವೂ ಸೇರಿದರೆ ಎರಡರ ತೀಕ್ಷ್ಣತೆಯೂ ಅಡಗಿ ಲವಣ ಮತ್ತು ನೀರು ಆಗುವುವು. ಇದಕ್ಕೆ ತಟಸ್ಥೀಕರಣವೆಂದು ಹೆಸರು. ಬಣ್ಣದ ಕಾರ್ಖಾನೆಯ ಆಮ್ಲಯುಕ್ತ ಹೊಲಸು ನೀರಿಗೆ ಸುಣ್ಣ ಬೆರೆಸಿ ಸೌಮ್ಯಗೊಳಿಸುವುದು ಈ ತತ್ತ್ವದ ಮೇಲೆಯೇ.

ಮೂರನೆಯ ದಾರಿ, ವಾಯುವು ಹೊರಬೀಳುವುದು. ಢೋಕಳೆಯ ಹುಳಿ ಹಿಟ್ಟಿಗೆ ಅಡಿಗೆ ಸೋಡಾ ಹಾಕಿದೊಡನೆ ನೊರೆಯೆದ್ದು ಹಿಟ್ಟು ಉಬ್ಬುವುದನ್ನು ಇಲ್ಲಿಯ ಮಕ್ಕಳಿಗೆ ತೋರಿಸಬೇಕಾಗಿಲ್ಲ. ಹುಳಿಯ ಆಮ್ಲ ಮತ್ತು ಸೋಡಾ ಸೇರಿದಾಗ ಇಂಗಾಲದ ಡೈಆಕ್ಸೈಡು ಗುಳ್ಳೆಗುಳ್ಳೆಯಾಗಿ ಏಳುವುದು. ಸುಣ್ಣಕಲ್ಲಿನ ಜಾತಿಗೆ ಸೇರಿದ ಅಮೃತಶಿಲೆಯ ಮೇಲೆ ಆಮ್ಲ ಬಿದ್ದರೂ ಇದೇ ನೊರೆ. ಆದರೆ ಅಲ್ಲಿ ಶಿಲೆಯೇ ಕರಗಿಹೋಗುವುದು.

ಇದರ ಬೆಲೆಯನ್ನು ತಿಳಿದ ಒಬ್ಬ ಮಹನೀಯರು ಈ ನಾಡಿನವರೇ. 1863ರಲ್ಲಿ ಸೂರತ್ತಿನಲ್ಲಿ ಜನಿಸಿದ ತ್ರಿಭುವನದಾಸ ಕಲ್ಯಾಣದಾಸ ಗಜ್ಜರ್ ಅವರು ವಡೋದರದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದರು. 1896ರಲ್ಲಿ ಮುಂಬಯಿಯಲ್ಲಿದ್ದ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಗೆ ಡಾಂಬರು ಬಳಿಯಲಾಯಿತು. ಆ ಕಪ್ಪು ಕಲೆಯನ್ನು ಶಿಲೆಗೆ ಹಾನಿಯಾಗದಂತೆ ತೆಗೆದವರು ಗಜ್ಜರರು. ಇಲ್ಲಿಯ ಕಷ್ಟವೇನೆಂಬುದನ್ನು ನೀವೇ ಈಗ ಹೇಳಬಲ್ಲಿರಿ. ಆಮ್ಲದಿಂದ ತೊಳೆದರೆ ಕಲೆಗಿಂತ ಮೊದಲು ಕಲ್ಲೇ ಕರಗಿ ಮೂಗು ತುಟಿಗಳ ರೇಖೆ ಅಳಿಸಿಹೋಗುತ್ತಿತ್ತು. ಯಾವ ಕ್ರಿಯೆ ನಡೆಯಬೇಕೆಂಬುದರ ಜೊತೆಗೆ ಯಾವ ಕ್ರಿಯೆ ನಡೆಯಬಾರದೆಂಬುದನ್ನೂ ಬಲ್ಲವನೇ ನಿಜವಾದ ರಸಾಯನಜ್ಞ.

ಸೂರತ್ತಿನ ಒಂದು ಬೆಳಗಿನ ಜಾವ

ನಡೆಯಬಾರದ ಕ್ರಿಯೆ ನಡೆದರೆ ಏನಾಗುವುದೆಂಬುದಕ್ಕೂ ಒಂದು ನಿದರ್ಶನವನ್ನು ಹೇಳಲೇಬೇಕಾಗಿದೆ. 2022ರ ಜನವರಿ 6ರ ಬೆಳಗಿನ ಜಾವ ಸೂರತ್ತಿನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಟ್ಯಾಂಕರಿನಲ್ಲಿ ತಂದ ರಾಸಾಯನಿಕ ತ್ಯಾಜ್ಯವನ್ನು ಕಾನೂನಿಗೆ ವಿರುದ್ಧವಾಗಿ ಚರಂಡಿಗೆ ಬಿಡಲಾಯಿತು. ಅಲ್ಲಿಂದ ಎದ್ದ ವಿಷವಾಯುವಿನಿಂದ ಆರು ಮಂದಿ ಕೆಲಸಗಾರರು ಪ್ರಾಣ ಕಳೆದುಕೊಂಡರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಹೊಟ್ಟೆಯ ಪಾಡಿಗೆ ಮನೆ ಬಿಟ್ಟು ಬಂದು ದುಡಿಯುವ ಜನ ನಮ್ಮಲ್ಲಿಯೂ ಎಷ್ಟೋ ಮಂದಿ ಇದ್ದಾರೆ. ಆದುದರಿಂದ ಈ ಸುದ್ದಿಯನ್ನು ಪರರ ಸುದ್ದಿಯೆಂದು ಓದಲಾಗದು.

ಬಣ್ಣದ ಕೈಗಾರಿಕೆಯಿರುವಲ್ಲಿ ಎರಡು ವಸ್ತುಗಳು ಒಂದಕ್ಕೊಂದು ಸಮೀಪದಲ್ಲಿಯೇ ಇರುತ್ತವೆ. ಒಂದು, ಕಪ್ಪು ಗಂಧಕದ ಬಣ್ಣಗಳನ್ನು ಕರಗಿಸಲು ಉಪಯೋಗಿಸುವ ಸೋಡಿಯಂ ಸಲ್ಫೈಡಿನ ಜಾತಿಯ ಲವಣಗಳು. ಇನ್ನೊಂದು, ನಾನಾ ಕೆಲಸಗಳಿಗೆ ಬೇಕಾಗುವ ಆಮ್ಲಗಳು. ಇವೆರಡೂ ಬೇರೆಬೇರೆಯಾಗಿದ್ದರೆ ಜೋಪಾನವಾಗಿ ಬಳಸಬಹುದು. ಚರಂಡಿಯಲ್ಲಿ ಸಂಧಿಸಿದರೆ ನಡೆಯುವುದು ದ್ವಿವಿಭಜನೆಯ ಮೂರನೆಯ ದಾರಿ.

ಸೋಡಿಯಂ ಸಲ್ಫೈಡು + ಹೈಡ್ರೊಕ್ಲೋರಿಕ್ ಆಮ್ಲ → ಸೋಡಿಯಂ ಕ್ಲೋರೈಡು + ಹೈಡ್ರೊಜನ್ ಸಲ್ಫೈಡು ವಾಯು

ಢೋಕಳೆಯ ಹಿಟ್ಟಿನಲ್ಲಿ ನಡೆದ ಕ್ರಿಯೆಗೂ ಇದಕ್ಕೂ ರೂಪದಲ್ಲಿ ಭೇದವಿಲ್ಲ. ಅಲ್ಲಿ ಹೊರಬಿದ್ದ ವಾಯು ಹಿಟ್ಟನ್ನು ಉಬ್ಬಿಸಿತು. ಇಲ್ಲಿ ಹೊರಬೀಳುವ ವಾಯು ಕೊಳೆತ ಮೊಟ್ಟೆಯ ವಾಸನೆಯುಳ್ಳ ಘೋರ ವಿಷ. ಅದರಲ್ಲಿ ಇನ್ನೂ ಎರಡು ಮೋಸಗಳಿವೆ. ಗಾಳಿಗಿಂತ ಭಾರವಾಗಿರುವುದರಿಂದ ಅದು ಮೇಲೇರಿ ಚದರಿಹೋಗದೆ ತಗ್ಗಿನಲ್ಲಿ ತಂಗುವುದು. ಅಧಿಕವಾಗಿದ್ದಾಗ ಅದು ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ವಾಸನೆ ನಿಂತಿತು, ಅಪಾಯ ಕಳೆಯಿತು ಎಂಬ ಭ್ರಮೆ ಹುಟ್ಟುವುದು. ಚರಂಡಿ, ಮಲಗುಂಡಿಗಳಿಗೆ ಇಳಿದವರೂ ಅವರನ್ನು ಎತ್ತಲು ಹೋದವರೂ ಒಬ್ಬರ ಹಿಂದೊಬ್ಬರು ಪ್ರಾಣ ಬಿಡುವುದಕ್ಕೆ ಈ ವಾಯುವೇ ಅನೇಕ ಬಾರಿ ಕಾರಣವಾಗಿದೆ. ಅಂತಹ ಕಡೆ ಯಾರಾದರೂ ಕುಸಿದುದನ್ನು ಕಂಡರೆ ಹಿಂದೆಯೇ ಇಳಿಯಬೇಡಿರಿ. ಕೂಗಿ ಜನರನ್ನು ಕರೆದು ಅಗ್ನಿಶಾಮಕ ದಳಕ್ಕೆ ತಿಳಿಸಿರಿ.

ಮನೆಯಲ್ಲಿಯೂ ಎಚ್ಚರ ಬೇಕು. ಬಟ್ಟೆಯನ್ನು ಬಿಳಿಮಾಡುವ ದ್ರವವನ್ನೂ ಪಾಯಿಖಾನೆ ತೊಳೆಯುವ ಆಮ್ಲವನ್ನೂ ಹೆಚ್ಚು ಶುಭ್ರವಾಗಲೆಂದು ಒಟ್ಟಿಗೆ ಸುರಿಯುವವರುಂಟು. ಆಗ ಹೊರಬೀಳುವುದು ಶ್ವಾಸಕೋಶವನ್ನು ಸುಡುವ ಕ್ಲೋರಿನ್ ವಾಯು. ಈ ಒಂದು ಮಾತನ್ನು ಇಂದು ಸಂಜೆ ಮನೆಗೆ ಹೋಗಿ ತಾಯಿಗೆ ತಿಳಿಸಿದರೂ ಈ ಪಾಠ ಓದಿದ್ದು ಸಾರ್ಥಕ.

ನಮ್ಮ ನುಡಿಯಲ್ಲಿ ವಿಜ್ಞಾನ

ಗಜ್ಜರರ ವಿಷಯದಲ್ಲಿ ಇನ್ನೊಂದು ಮಾತು ಉಳಿಯಿತು. 1890ರಲ್ಲಿ ಮಹಾರಾಜ ಸಯಾಜಿರಾಯರ ಆಶ್ರಯದಲ್ಲಿ ವಡೋದರದಲ್ಲಿ ಕಲಾಭವನವೆಂಬ ವಿದ್ಯಾಸಂಸ್ಥೆ ಅವರಿಂದ ಪ್ರಾರಂಭವಾಯಿತು. ಬಣ್ಣಗಾರಿಕೆ ಮೊದಲಾದ ಕೈಕಸುಬುಗಳ ವಿಜ್ಞಾನವನ್ನು ದೇಶಭಾಷೆಯಲ್ಲಿಯೇ ಬೋಧಿಸಬೇಕೆಂಬುದು ಅವರ ಹಂಬಲ. ತೊಟ್ಟಿಯ ಬಳಿ ನಿಂತು ದುಡಿಯುವವನಿಗೆ ತಿಳಿಯದ ರಸಾಯನಶಾಸ್ತ್ರದಿಂದ ನಾಡಿಗೆ ಪ್ರಯೋಜನವೇನು? ನಮ್ಮ ಕನ್ನಡನಾಡಿನಲ್ಲಿಯೂ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಊರಿನಿಂದ ದೂರದಲ್ಲಿ, ಗುಜರಾತಿ ಮಾತುಗಳ ನಡುವೆ, ಕನ್ನಡದಲ್ಲಿ ವಿಜ್ಞಾನ ಓದುವ ನಿಮಗೆ ಈ ಎರಡು ಪ್ರಯತ್ನಗಳೂ ಹಿರಿಯರ ಆಸ್ತಿಯೆಂದು ಹೇಳಿದರೆ ಅತಿಶಯವಾಗದು.

ಆದುದರಿಂದ ಮುಂದಿನ ಬಾರಿ ಪುಸ್ತಕ ತೆರೆದಾಗ ಹೆಸರುಗಳಿಂದ ಆರಂಭಿಸಬೇಡಿರಿ, ಪ್ರಶ್ನೆಗಳಿಂದ ಆರಂಭಿಸಿರಿ. ಇಲ್ಲಿ ಸಂಧಿಸಿದವರು ಯಾರು? ಯಾರು ಯಾರನ್ನು ಕೂಡಿದ್ದಾರೆ, ಯಾರು ಯಾರನ್ನು ಬಿಟ್ಟಿದ್ದಾರೆ? ಹುಟ್ಟಿದ ವಸ್ತುವು ಎಲ್ಲಿಗೆ ಹೋಗುವುದು, ತಳಕ್ಕೆ ಇಳಿಯುವುದೋ, ನೀರಾಗಿ ಉಳಿಯುವುದೋ, ಗಾಳಿಗೆ ಏರುವುದೋ? ಈ ಪ್ರಶ್ನೆಗಳಿಗೆ ಉತ್ತರ ದೊರೆತರೆ ಕ್ರಿಯೆಯ ಹೆಸರು ತಾನಾಗಿಯೇ ನಾಲಗೆಗೆ ಬರುವುದು. ಪರೀಕ್ಷೆ ಮುಗಿದ ಮರುವಾರವೂ ಉಳಿಯುವುದು.